ಅದೇ ದೋಸೆ, ಎ.ಸಿ. ಸೆಕ್ಷನ್ನಿನ ರೇಟು: ಲಂಡನ್ ಫುಟ್ಬಾಲಿನ ಪ್ರೀಮಿಯಂ ಸೀಟಿನಲ್ಲಿ ಒಂದು ಸೀಸನ್

ನಮ್ಮ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಎರಡು ರೇಟು. ಕೆಳಗೆ ಫ್ಯಾನಿನ ಅಡಿ ಕೂತರೆ 90 ರೂಪಾಯಿ. ಒಂಬತ್ತು ಮೆಟ್ಟಿಲು ಹತ್ತಿ ಎ.ಸಿ. ಸೆಕ್ಷನ್ನಿಗೆ ಹೋದರೆ 130. ಹಿಟ್ಟು ಒಂದೇ, ಕಾವಲಿ ಒಂದೇ, ಹುಯ್ಯುವ ಭಟ್ಟರೂ ಒಬ್ಬರೇ. ನಿಜ ಹೇಳಬೇಕೆಂದರೆ ಮೇಲಿನ ದೋಸೆ ಒಂದು ನಿಮಿಷ ತಡವಾಗಿ, ಸ್ವಲ್ಪ ಮೆತ್ತಗಾಗಿಯೇ ಟೇಬಲು ಮುಟ್ಟುತ್ತದೆ. ಆದರೂ ಹೋಗುವವರು ಹೋಗುತ್ತಾರೆ, ದುಡ್ಡು ಕೊಡುತ್ತಾರೆ, ಕೆಲವರು ಮೇಲಿಂದ ಟಿಪ್ಸನ್ನೂ ಇಟ್ಟು ಬರುತ್ತಾರೆ. ಅಂಧೇರಿ ಪಶ್ಚಿಮದಲ್ಲಿ 26 ವರ್ಷದಿಂದ ಗಲ್ಲಾದಲ್ಲಿ ಕೂತಿದ್ದೇನೆ. ಆ 40 ರೂಪಾಯಿಯ ಮರ್ಮ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನನಗೇ ಲಂಡನ್ನಿನಲ್ಲಿ ಒಬ್ಬರು ಎ.ಸಿ. ಸೆಕ್ಷನ್ ಮಾರಿದರು. ಐದು ಲಕ್ಷಕ್ಕೆ.

ವಸ್ತು ಯಾವುದೆಂದರೆ, ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ ಆಡುವ ಲಂಡನ್ನಿನ ಒಂದು ಕ್ಲಬ್ಬಿನ ಪ್ರೀಮಿಯಂ ಸೀಟ್ ಮೆಂಬರ್‌ಶಿಪ್. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಮಗಳು-ಅಳಿಯ ಇನ್ನೂ ಅಲ್ಲಿಗೇ ಹೋಗಿಬರುವವರು. ಅದಲ್ಲದೆ ಇಂಥ ಸೀಟನ್ನು ಅಲ್ಲಿನ ದೊಡ್ಡ ಕ್ಲಬ್ಬುಗಳೆಲ್ಲ ಮಾರುತ್ತವೆ, ಬೋರ್ಡು ಬೇರೆ ಅಷ್ಟೇ. ಒಂದು ಸೀಟಿಗೆ ಒಂದು ಸೀಸನ್ನಿಗೆ 3,800 ಪೌಂಡು, ಅದರ ಮೇಲೆ ಶೇಕಡಾ 20 ವ್ಯಾಟ್, ಒಟ್ಟು 4,560. ನಾನು ದುಡ್ಡು ಕಳಿಸಿದಾಗ ಪೌಂಡಿಗೆ 110 ರೂಪಾಯಿ ಬಿದ್ದಿತ್ತು, ಅಂದರೆ 5,01,600. ಲೀಗಿನಲ್ಲಿ 20 ತಂಡ, ಹಾಗಾಗಿ ತವರಿನಲ್ಲಿ 19 ಮ್ಯಾಚು. ಮ್ಯಾಚಿಗೆ 240 ಪೌಂಡು. ಅದೇ ಮೈದಾನದ ಗೋಲಿನ ಹಿಂದೆ ಕೂರುವ ಅಳಿಯನ ಆಫೀಸಿನವನೊಬ್ಬ ಅದೇ 19 ಮ್ಯಾಚಿಗೆ ಕೊಟ್ಟದ್ದು 855, ಅಂದರೆ ಮ್ಯಾಚಿಗೆ 45. ಆಟದ ಬೆಲೆ 45 ಪೌಂಡು ಅಂತಾಯಿತು. ಮಿಕ್ಕ 195 ಪೌಂಡು ಕುರ್ಚಿಯ ಮೆತ್ತೆಗೆ, ನೆಲದ ಕಾರ್ಪೆಟ್ಟಿಗೆ, "ಗುಡ್ ಆಫ್ಟರ್‌ನೂನ್ ಸರ್" ಅನ್ನುವ ಬಾಗಿಲಿನವನಿಗೆ. ರಾತ್ರಿ ಶಟರ್ ಎಳೆದ ಮೇಲೆ ಕೂಡುವ ನಮ್ಮ ಏರಿಯಾದ ಹೋಟೆಲಿನವರೆಲ್ಲ "ಶೆಟ್ರೇ, ಕೊಟ್ಟದ್ದಕ್ಕೆ ಬಂತಾ?" ಎಂದು ಕೇಳುವುದು ಆ 195ರ ಬಗ್ಗೆಯೇ. ಅವರಲ್ಲಿ ಇಬ್ಬರ ಮಕ್ಕಳೂ ಈಗ ಅಲ್ಲೇ ಇದ್ದಾರೆ, ನಾಳೆ ಅವರಿಗೂ ಯಾರಾದರೂ ಮಾರುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೋಟೆಲಿನವನಿಗೆ ಫುಟ್ಬಾಲಿನ ಹುಚ್ಚು ಅಪ್ಪನಿಂದ ಬಂದದ್ದು. ಹನ್ನೆರಡನೇ ವಯಸ್ಸಿಗೆ ಕುಂದಾಪುರದಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯಲು ನಿಂತವರು. ರಾತ್ರಿ ಕನ್ನಡ ನೈಟ್ ಸ್ಕೂಲು, ರಜೆ ಸಿಕ್ಕಿದ ಮಧ್ಯಾಹ್ನ ಕೂಪರೇಜ್ ಮೈದಾನ. ಅಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಎಂಬ ಫುಟ್ಬಾಲ್ ಪಂದ್ಯಾವಳಿಯ ಕಾಲ ಅದು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಆ ಕಪ್ಪು ಎತ್ತಿದ್ದನ್ನು ಅಪ್ಪ ತಾನೇ ಗೋಲು ಹೊಡೆದ ಹಾಗೆ ಹೇಳುತ್ತಿದ್ದರು. 1937ರಲ್ಲಿ ಬ್ರಿಟಿಷ್ ಪಲ್ಟನ್ನುಗಳ ಕೈಯಿಂದ ಕಪ್ಪನ್ನು ಕಸಿದುಕೊಂಡ ಬೆಂಗಳೂರು ಮುಸ್ಲಿಮ್ಸ್ ತಂಡದ ಕಥೆಯನ್ನು ಅವರು ಹೋಟೆಲಿನ ಹಿರಿಯ ಭಟ್ಟರೊಬ್ಬರಿಂದ ಕೇಳಿದ್ದು. ಕೇಳಿದ್ದೇ ಆದರೂ "ನಮ್ಮ ಕಡೆಯವರು" ಅನ್ನುವಾಗ ಎದೆ ಒಂದಿಂಚು ಮುಂದೆ ಬರುತ್ತಿತ್ತು. ಬೆಂಗಳೂರಿಗೂ ಕುಂದಾಪುರಕ್ಕೂ ಎಷ್ಟು ದೂರ ಅಂತ ಮುಂಬೈಯಲ್ಲಿ ಯಾರು ಅಳೆಯುತ್ತಾರೆ.

ನನ್ನ ಕಾಲಕ್ಕೆ ಆಟವೇ ಹೋಟೆಲಿನ ಹತ್ತಿರ ಬಂತು. 2016ರಲ್ಲಿ ಮುಂಬೈ ಸಿಟಿ ತಂಡ ಅಂಧೇರಿಯ ಶಹಾಜಿರಾಜೆ ಕ್ರೀಡಾ ಸಂಕುಲಕ್ಕೆ ಬಂದು ಬಿಡಾರ ಹೂಡಿತು. ಮ್ಯಾಚಿನ ದಿನ ಆಜಾದ್ ನಗರ ಮೆಟ್ರೋ ಇಳಿದು ಬರುವ ತಿಳಿನೀಲಿ ಜೆರ್ಸಿಯ ಹುಡುಗರಿಗೆ ಇಡ್ಲಿ-ವಡೆ ಕೊಟ್ಟು, ಗಲ್ಲಾ ತಮ್ಮನಿಗೆ ಒಪ್ಪಿಸಿ, ಅವರ ಹಿಂದೆಯೇ ನಾನೂ ಹೊರಡುತ್ತೇನೆ. ಕೆಲವು ನೂರು ರೂಪಾಯಿಯ ಟಿಕೆಟು, ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಕೂರುವುದೂ ಕಡಿಮೆ. ರೆಫರಿಗೆ ಕುಂದಾಪ್ರ ಕನ್ನಡದಲ್ಲಿ ಬೈದರೆ ಸುತ್ತ ಯಾರಿಗೂ ಅರ್ಥ ಆಗುವುದಿಲ್ಲ. ಅದೊಂದು ಸೌಕರ್ಯ ಆ ಟಿಕೆಟಿನಲ್ಲೇ ಸೇರಿದೆ.

ಹಾಗಿದ್ದವ ಐದು ಲಕ್ಷಕ್ಕೆ ಬಿದ್ದದ್ದು ಕ್ಯೂವಿನ ದೆಸೆಯಿಂದ. ಅಲ್ಲಿನ ದೊಡ್ಡ ಕ್ಲಬ್ಬುಗಳ ಸಾಮಾನ್ಯ ಸೀಸನ್ ಟಿಕೆಟು ದುಡ್ಡು ಹಿಡಿದು ಹೋದರೆ ಸಿಗುವುದಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಇದ್ದವರು ಬಿಟ್ಟರೆ ನಮಗೆ. ನಮ್ಮ ಕ್ಲಬ್ಬಿನ ಪ್ರೀಮಿಯಮ್ಮಿಗೆ ಕ್ಯೂ ಇರಲಿಲ್ಲ. ಅಳಿಯ ಫಾರ್ಮು ತುಂಬಿದ ಮಾರನೇ ದಿನವೇ ಒಬ್ಬ ಹುಡುಗಿ ಫೋನು ಮಾಡಿ, ಮೈದಾನಕ್ಕೆ ಕರೆದು, ಸೀಟು ತೋರಿಸಿ, ಕಾಫಿ ಕೊಟ್ಟು ಕಳಿಸಿದಳಂತೆ. "ಮಾವ, ಎರಡು ಸೀಟು ತಗೊಳ್ಳುವ. ಒಂದು ನನ್ನದು, ಒಂದು ನಿಮ್ಮದು. ನೀವು ಬಂದಾಗ ನೀವು ಕೂತುಕೊಳ್ಳಿ, ಇಲ್ಲದಾಗ ಇವಳು ಬರ್ತಾಳೆ" ಎಂದ. ಕೆಳಗೆ ಜಾಗಕ್ಕೆ ಕಾದು ಬೇಸತ್ತ ಗಿರಾಕಿಯ ಕಿವಿಯ ಹತ್ತಿರ ಹೋಗಿ "ಮೇಲೆ ಎ.ಸಿ.ಯಲ್ಲಿ ಜಾಗ ಉಂಟು ಸರ್" ಅನ್ನಬೇಕು ಎಂದು ಮಾಣಿಗಳಿಗೆ ಕಲಿಸಿದವನೇ ನಾನು. ನನ್ನ ಪಾಠ ನನಗೇ ತಿರುಗಿತು. ಮನೆಯವಳು ಕೇಳಿದ್ದು ಒಂದೇ ಮಾತು: "ಹ್ವಾಯ್, ಐದ್ ಲಕ್ಷ ಬರೀ ಕೂಕಂಬುಕಾ?" ಬರೀ ಕೂತುಕೊಳ್ಳುವುದಕ್ಕಾ ಅಂತ.

ಸಿಗುವುದೇನು ಅಂದರೆ, ಮೈದಾನದ ಉದ್ದಬದಿಯಲ್ಲಿ, ನಡುಗೆರೆಯಿಂದ ಸ್ವಲ್ಪ ಎಡಕ್ಕೆ, ನಡುವಿನ ಅಂತಸ್ತಿನಲ್ಲಿ ಮೆತ್ತೆ ಹಾಕಿದ ಸೀಟು. ಬೇರೆ ಬಾಗಿಲು, ಲಿಫ್ಟು, ಸೀಟಿನ ಹಿಂದೆ ಒಂದು ಲೌಂಜು. ಹಾಫ್‌ಟೈಮಿನಲ್ಲಿ ಒಂದು ಡ್ರಿಂಕ್ ಫ್ರೀ, ಮ್ಯಾಚಿನ ಪುಸ್ತಿಕೆ ಫ್ರೀ. ಊಟ ಇಲ್ಲ. ಇದನ್ನು ನಾನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ತಿಂಡಿ ಬೇಕಾದರೆ ಕೌಂಟರಿನಲ್ಲಿ ಬೇರೆ ದುಡ್ಡು ಕೊಡಬೇಕು; ಊಟ ಸೇರಿದ ಸೀಟು ಬೇಕಾದರೆ ಇದಕ್ಕಿಂತ ಮೇಲಿನ ರೇಟು, ಅದಕ್ಕೂ ಮೇಲೆ ಬಾಕ್ಸು ಅನ್ನುವ ಖಾಸಗಿ ಕೋಣೆ. ಆ ಏಣಿಗೆ ಕೊನೆಯೇ ಇಲ್ಲ. ಟಾಟನಮ್ ಕ್ಲಬ್ಬಿನಲ್ಲೂ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನಲ್ಲೂ ಆಟಗಾರರು ಮೈದಾನಕ್ಕೆ ಬರುವ ದಾರಿಗೆ ಗಾಜಿನ ಗೋಡೆ ಹಾಕಿ, ಈಚೆ ಟೇಬಲು ಇಟ್ಟು ಮಾರುತ್ತಾರೆ. ಫುಲ್ಹಮ್ ಕ್ಲಬ್ಬಿನ ಹೊಸ ಸ್ಟ್ಯಾಂಡಿನ ತಾರಸಿಯ ಮೇಲೆ ಈಜುಕೊಳವೇ ಉಂಟು. ನಮ್ಮ ಕಿಚನ್ನಿಗೂ ಗಾಜು ಹಾಕಿಸಿ ಒಳಗಿನ ಭಟ್ಟರನ್ನು ತೋರಿಸಿದರೆ ದೋಸೆಗೆ 200 ಎತ್ತಬಹುದು. ಭಟ್ಟರು ಬನಿಯನ್ನಿನಲ್ಲಿರುತ್ತಾರೆ, ಅದೊಂದು ತಾಪತ್ರಯ.

ಆ ಸೀಟಿನಲ್ಲಿ ದುಡ್ಡಿಗೆ ಸರಿಯಾದದ್ದು ಒಂದು ಇದೆ, ಅದನ್ನು ಮೊದಲು ಹೇಳಬೇಕು. ಅಂಧೇರಿಯಲ್ಲಿ ನಾನು ಕೂರುವ ಜಾಗದಿಂದ ಚೆಂಡು ಕಾಣುತ್ತದೆ. ಅಲ್ಲಿಂದ ಆಟ ಕಾಣುತ್ತದೆ. ಡಿಸೆಂಬರಿನ ಕೊನೆಗೆ ನೋಡಿದ ನನ್ನ ಮೊದಲ ಮ್ಯಾಚಿನಲ್ಲಿ ಹತ್ತು ನಿಮಿಷ ನಾನು ಚೆಂಡಿನ ಹಿಂದೆಯೇ ಕಣ್ಣು ಓಡಿಸಿದೆ, ಅಭ್ಯಾಸಬಲ. ಆಮೇಲೆ ಅಳಿಯ ಮೊಣಕೈಯಲ್ಲಿ ತಿವಿದು "ಮಾವ, ಚೆಂಡು ಬಿಡಿ, ನಮ್ಮ ಹಿಂದಿನ ನಾಲ್ಕು ಜನರನ್ನು ನೋಡಿ" ಎಂದ. ನೋಡಿದೆ. ನಾಲ್ವರು ಡಿಫೆಂಡರುಗಳು ರಂಪಣಿ ಬಲೆ ಎಳೆಯುವವರ ಹಾಗೆ ಒಂದೇ ಗೆರೆಯಲ್ಲಿ ಮುಂದೆ ಬರುತ್ತಾರೆ, ಒಂದೇ ಗೆರೆಯಲ್ಲಿ ಹಿಂದೆ ಸರಿಯುತ್ತಾರೆ. ಆ ಗೆರೆ ದಾಟಿ ನಿಂತ ಎದುರಾಳಿಗೆ ಚೆಂಡು ಕೊಟ್ಟರೆ ಆಫ್‌ಸೈಡ್, ಆಟ ನಿಲ್ಲುತ್ತದೆ. ಬಲಗಡೆಯವ ಒಮ್ಮೆ ಅರ್ಧ ಹೆಜ್ಜೆ ಹಿಂದೆ ಉಳಿದ. ಅಷ್ಟಕ್ಕೇ ಬಲೆಗೆ ತೂತು ಬಿತ್ತು. ಆ ತೂತು ನನಗೆ ಮೇಲಿಂದ ಕಂಡಿತು, ಎದುರು ತಂಡದ ವಿಂಗರನಿಗೆ ಕೆಳಗಿಂದ ಕಂಡಿತು. ನಾನು "ಹೋಯ್ತ್" ಅಂದದ್ದೂ ಅವ ಓಡಿದ್ದೂ ಒಟ್ಟಿಗೇ. ಚೆಂಡು ಆಗ ಇನ್ನೂ ಮೈದಾನದ ಆಚೆ ಬದಿಯಲ್ಲಿತ್ತು. ಟೀವಿಯಲ್ಲಿ ಇದು ಸಿಗುವುದಿಲ್ಲ, ಕ್ಯಾಮೆರಾ ಚೆಂಡನ್ನು ಬಿಟ್ಟು ಬರುವುದಿಲ್ಲವಲ್ಲ. ಐವತ್ತು ವರ್ಷ ಫುಟ್ಬಾಲ್ ನೋಡಿದವ ಅವತ್ತು ಮೊದಲ ಸಲ ಆಫ್‌ಸೈಡಿನ ಗೆರೆ ಮುರಿಯುವುದನ್ನು ಚೆಂಡು ಬರುವ ಮೊದಲೇ ನೋಡಿದೆ.

ದುಬಾರಿ ಸೀಟೆಲ್ಲ ಹೀಗೆ ಅಂತ ತಿಳಿಯಬೇಡಿ. 2023ರ ನವೆಂಬರ್ 6ರಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಮುಂಬೈ ಸಿಟಿ ಸೌದಿಯ ಅಲ್ ಹಿಲಾಲ್ ಜೊತೆ ಆಡಿತು. ಯಾರಿಗೆ ಯಾರು ಎದುರಾಳಿ ಅಂತ ಚೀಟಿ ಎತ್ತಿದ ದಿನದಿಂದ ಊರೆಲ್ಲ ಅಲ್ ಹಿಲಾಲಿನ ಬ್ರೆಜಿಲ್ ತಾರೆಯದೇ ಜಪ, ನೇಯ್ಮಾರ್, ನೇಯ್ಮಾರ್. ಅವ ಅಕ್ಟೋಬರ್ 17ರಂದು ಬ್ರೆಜಿಲ್ ಪರ ಉರುಗ್ವೆ ಎದುರು ಆಡುವಾಗ ಮಂಡಿಗೆ ಜೋರು ಪೆಟ್ಟು ಮಾಡಿಕೊಂಡು ಮನೆಯಲ್ಲಿ ಕೂತ. ನಾನು ಆದರೂ ಒಳ್ಳೆಯ ಜಾಗದ ಟಿಕೆಟು ತೆಗೆಸಿ ಮಗನನ್ನು ಕರಕೊಂಡು ಹೋದೆ. 0-2ರಲ್ಲಿ ಸೋತೆವು, ಅದಕ್ಕೆ ಬೇಸರವಿಲ್ಲ. ಆದರೆ ಅದು ಕ್ರಿಕೆಟ್ ಮೈದಾನ, ಎಷ್ಟು ಕೊಟ್ಟು ಎಲ್ಲಿ ಕೂತರೂ ಆಟ ಬೌಂಡರಿಯ ಆಚೆ. ಸೀಟಿನ ಬೆಲೆ ಮೆತ್ತೆಯಲ್ಲಿಲ್ಲ, ಜಾಗದಲ್ಲಿದೆ ಅಂತ ಅವತ್ತೇ ಗೊತ್ತಾಗಿತ್ತು.

ಲಿಫ್ಟು ಮತ್ತು ಟಾಯ್ಲೆಟ್ಟಿಗೆ ಪೂರ್ತಿ ಅಂಕ. ಮನೆಯವಳ ಮಂಡಿಗೆ ಮೆಟ್ಟಿಲು ಆಗಿಬರುವುದಿಲ್ಲ. ಅವಳು ಬಂದ ಎರಡು ಮ್ಯಾಚಿಗೂ ಸಾಮಾನ್ಯ ಸ್ಟ್ಯಾಂಡಾಗಿದ್ದರೆ ಕರಕೊಂಡು ಹೋಗಲು ಸಾಧ್ಯವೇ ಇರಲಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಮಂಡಿ ನೋವಿದ್ದವರಿಗೆ ಗೊತ್ತಾಗುತ್ತದೆ.

ಇನ್ನು ಅಕ್ಕಪಕ್ಕದವರು. ನನ್ನ ಎಡಕ್ಕೆ ಒಬ್ಬರು ಎಪ್ಪತ್ತು ದಾಟಿದ ಮುದುಕರು, ಗೋಲಿನ ಹಿಂದೆ ಮೂವತ್ತು ವರ್ಷ ನಿಂತು, ಸೊಂಟ ಆಪರೇಷನ್ ಆದ ಮೇಲೆ ಇಲ್ಲಿಗೆ ಬಂದವರು. ಅವರೊಬ್ಬರು ಖಾಯಂ. ಬಲಕ್ಕೂ ಮುಂದಕ್ಕೂ ಪ್ರತಿ ಸಲ ಬೇರೆ ಬೇರೆ ಮುಖ, ಯಾವುದೋ ಕಂಪನಿಯ ಸೀಟು, ಆ ವಾರದ ಅತಿಥಿಗಳು. ಒಬ್ಬ ಮೊದಲ ಇಪ್ಪತ್ತು ನಿಮಿಷ ಫೋನಿನಲ್ಲಿ ಮನೆಯ ಸಾಲದ ಮಾತಾಡಿದ. ನಮ್ಮವರು ಗೋಲು ಹೊಡೆದಾಗ ನಾನು ಎದ್ದು ನಿಂತು ಕೂಗಿದೆ. ಹಿಂದಿನ ಸಾಲಿನಿಂದ ಒಬ್ಬಾಕೆ ಬಹಳ ವಿನಯದಿಂದ ಕೂರುತ್ತೀರಾ ಎಂದು ಕೇಳಿದರು. ಎದುರಿಗೆ ಗೋಲಿನ ಹಿಂದಿನ ಸ್ಟ್ಯಾಂಡು ಯಕ್ಷಗಾನದ ಚಂಡೆಯ ಹಾಗೆ ಎದ್ದು ಬೀಳುತ್ತಿದೆ, ಹಾಡುತ್ತಿದೆ. ಇಲ್ಲಿ ಚಪ್ಪಾಳೆ. 195 ಪೌಂಡು ಹೆಚ್ಚು ಕೊಟ್ಟು ನಾನು ಕೊಂಡದ್ದು 45 ಪೌಂಡಿನವರು ಮಾಡುವ ಗಲಾಟೆಯನ್ನು ದೂರದಿಂದ ನೋಡುವ ಸೀಟು.

ಮ್ಯಾಂಚೆಸ್ಟರ್ ಯುನೈಟೆಡ್ಡಿನ ನಾಯಕ ರಾಯ್ ಕೀನ್ 2000ದಲ್ಲಿ ತನ್ನದೇ ಮೈದಾನದ ಇಂಥ ಸೀಟಿನವರ ಮೇಲೆ ಸಿಟ್ಟಾಗಿ, ಇವರು ನಾಲ್ಕು ಗುಟುಕು ಕುಡಿದು ಸಿಗಡಿ ಸ್ಯಾಂಡ್‌ವಿಚ್ ತಿನ್ನುವವರು, ಮೈದಾನದಲ್ಲಿ ಏನಾಗುತ್ತಿದೆ ಅನ್ನುವುದೇ ಇವರಿಗೆ ಗೊತ್ತಾಗುವುದಿಲ್ಲ ಎಂಬರ್ಥದಲ್ಲಿ ಉಗಿದಿದ್ದ. ಅಂದಿನಿಂದ ಅಲ್ಲಿ ಸಿಗಡಿ ಸ್ಯಾಂಡ್‌ವಿಚ್ ಅನ್ನುವುದೇ ಒಂದು ಬೈಗುಳ. ಕುಂದಾಪುರದವನಾಗಿ ಹೇಳುತ್ತೇನೆ, ತಪ್ಪು ಚಟ್ಲಿಯದ್ದಲ್ಲ (ಸಿಗಡಿಗೆ ನಮ್ಮಲ್ಲಿ ಚಟ್ಲಿ ಅನ್ನುವುದು). ಆ ಬ್ರೆಡ್ಡಿನ ಮಧ್ಯೆ ತಣ್ಣಗೆ ಬಿಳಿಯ ಸಾಸು ಬಳಿದು ಇಟ್ಟರೆ ಯಾವ ಚಟ್ಲಿಗೂ ಮರ್ಯಾದೆ ಉಳಿಯುವುದಿಲ್ಲ. ನಮ್ಮ ಲೌಂಜಿನಲ್ಲಿ ಅದೂ ಇರಲಿಲ್ಲ, ಪೈ ಮತ್ತು ಬರ್ಗರ್. ನಾನು ಆಲೂಗಡ್ಡೆ ಪೈ ಒಂದನ್ನು ಪೂರ್ತಿ ತಿಂದೆ. ನಮ್ಮ ಭಟ್ಟರ ಬಟಾಟೆ ಪಲ್ಯ ನೆನಪಾಗಿ ಊರಿಗೆ ಫೋನು ಮಾಡುವ ಮನಸ್ಸಾಯಿತು.

ಅಲ್ಲಿ ಮೊದಲು ಗೋಲಿನ ಹಿಂದೆ ನಿಂತೇ ನೋಡುವ ರೂಢಿ ಇತ್ತು, ಈ ಕುರ್ಚಿ ವ್ಯಾಪಾರ ಈಚಿನದು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಜನರ ಒತ್ತಡಕ್ಕೆ ಸಿಕ್ಕಿದವರಲ್ಲಿ 97 ಮಂದಿ ಜೀವ ಕಳಕೊಂಡರು. ನ್ಯಾಯಮೂರ್ತಿ ಟೇಲರ್ 1990ರಲ್ಲಿ ಕೊಟ್ಟ ವರದಿಯ ನಂತರ ದೊಡ್ಡ ಮೈದಾನಗಳೆಲ್ಲ ಕುರ್ಚಿಯ ಮೈದಾನಗಳಾದವು. ಕಂಬಿ ಹಾಕಿ ನಿಲ್ಲುವ ಜಾಗಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಮುದುಕರು ಇದನ್ನೆಲ್ಲ ಹೇಳುವಾಗ ಎದುರಿನ ಸ್ಟ್ಯಾಂಡನ್ನೇ ನೋಡುತ್ತಿದ್ದರು. ನಾನು ಹೆಚ್ಚು ಕೇಳಲಿಲ್ಲ.

ಈಗ ಹಾಫ್‌ಟೈಮಿಗೆ ಬರುತ್ತೇನೆ. ನನ್ನ ಹೊಟ್ಟೆ ಉರಿದದ್ದು ಅಲ್ಲಿ.

ಇಂಗ್ಲೆಂಡಿನಲ್ಲಿ 1985ರ ಒಂದು ಕಾನೂನು ಉಂಟು. ಫುಟ್ಬಾಲ್ ಮ್ಯಾಚಿನ ಹೊತ್ತಿನಲ್ಲಿ ಮೈದಾನ ಕಾಣುವ ಜಾಗದಲ್ಲಿ ಮದ್ಯ ಹಿಡಿದುಕೊಂಡು ಇರುವಂತಿಲ್ಲ. ಐದು ಲಕ್ಷ ಕೊಟ್ಟವನಿಗೂ ಅದೇ ಕಾನೂನು. ಹಾಗಾಗಿ ಬಿಯರ್ ಕುಡಿಯುವವರೆಲ್ಲ ಆ ಹದಿನೈದು ನಿಮಿಷದಲ್ಲಿ ಲೌಂಜಿನ ಒಳಗೇ ಕುಡಿದು ಮುಗಿಸಬೇಕು. ಎಲ್ಲರಿಗೂ ಒಂದು ಡ್ರಿಂಕ್ ಫ್ರೀ ಬೇರೆ. ಸೀಟಿ ಊದಿದ ಕೂಡಲೇ ನಮ್ಮ ಲೌಂಜಿನಲ್ಲಿ, ನಾನು ಎಣಿಸಿದ ಪ್ರಕಾರ, 300 ಜನ. ಕೌಂಟರಿನ ಹಿಂದೆ 6 ಜನ. ಒಬ್ಬರ ಪಾಲಿಗೆ 50 ಗಿರಾಕಿ, 900 ಸೆಕೆಂಡು. ತಲೆಗೆ 18 ಸೆಕೆಂಡು. ನನ್ನ ಕ್ಯೂವಿನ ಹುಡುಗಿ ಒಂದು ಚಾ ಮಾಡಲು 40 ಸೆಕೆಂಡು ತಗೊಂಡಳು. ಕಪ್ಪು ಎತ್ತಿದಳು, ಟೀ ಬ್ಯಾಗ್ ಹಾಕಿದಳು, ಬಿಸಿನೀರು ಬಿಟ್ಟಳು, ಮುಚ್ಚಳ ಹುಡುಕಿದಳು, ಸಿಕ್ಕಿದ್ದು ಬೇರೆ ಸೈಜಿನದು, ಮತ್ತೆ ಹುಡುಕಿದಳು, ಹಾಲಿನ ಪೊಟ್ಟಣ ಅಲ್ಲಿದೆ ಸರ್ ಎಂದು ಕೈ ತೋರಿಸಿದಳು, ಕಾರ್ಡು ಸ್ಕ್ಯಾನ್ ಮಾಡಿದಳು. ಹುಡುಗಿಯ ತಪ್ಪಲ್ಲ, ಅವಳನ್ನು ನಿಲ್ಲಿಸಿದವರದ್ದು. ನಮ್ಮ ಚಾ ಮಾಡುವ ಹುಡುಗ ಮಧ್ಯಾಹ್ನದ ರಶ್ಶಿನಲ್ಲಿ ಒಂದು ಕೈಯಲ್ಲಿ ಐದು ಕಟಿಂಗ್ ಗ್ಲಾಸು ಹಿಡಿದು ಇನ್ನೊಂದು ಕೈಯಿಂದ ಹುಯ್ಯುತ್ತಾನೆ. ಪಟ ತೆಗೆದು ತೋರಿಸಬೇಕೆನಿಸಿತು. ಇಷ್ಟಕ್ಕೂ 300 ಜನ ಬರುತ್ತಾರೆ, 45ನೇ ನಿಮಿಷಕ್ಕೆ ಬರುತ್ತಾರೆ, ಒಂದು ಗ್ಲಾಸಿಗೆ ಬರುತ್ತಾರೆ ಅಂತ ವರ್ಷದ ಮೊದಲೇ ಗೊತ್ತಿರುವ ಧಂದೆ ಇದು! ಯಾವ ಹೋಟೆಲಿನವನಿಗೆ ಅಂಥ ಭಾಗ್ಯ ಉಂಟು? 40ನೇ ನಿಮಿಷಕ್ಕೆ ನೂರು ಗ್ಲಾಸು ತುಂಬಿ ಸಾಲಾಗಿ ಇಟ್ಟರೆ ಮುಗಿಯಿತು.

ನನ್ನ ಮುಂದೆ ಇನ್ನೂ ನಾಲ್ಕು ಜನ ಇರುವಾಗ ಸೆಕೆಂಡ್ ಹಾಫ್ ಶುರುವಾಯಿತು. ಬಿಟ್ಟು ಹೋಗೋಣವೆಂದರೆ ಮನೆಯವಳು ಚಳಿಗೆ ಚಾ ಕೇಳಿದ್ದಾಳೆ. ಆಗ ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ಕೂಗಲ್ಲ, ನೆಲದಿಂದ ಪಾದಕ್ಕೆ ಬಂದ ಸದ್ದು. ಕೌಂಟರಿನ ಮೇಲಿನ ಗ್ಲಾಸುಗಳು ಕಿಣಿ ಕಿಣಿ ಅಂದವು. ನಾವು ಇಪ್ಪತ್ತು-ಮೂವತ್ತು ಜನ ಲೌಂಜಿನ ಟೀವಿಯ ಕಡೆ ತಿರುಗಿದೆವು. ಟೀವಿಯಲ್ಲಿ ನಮ್ಮವರು ಇನ್ನೂ ನಡುಗೆರೆಯಲ್ಲಿ ಚೆಂಡು ಉರುಳಿಸುತ್ತಿದ್ದಾರೆ. ಸಿಗ್ನಲ್ಲು ಕೆಲವು ಸೆಕೆಂಡು ಹಿಂದೆ. ಗೋಲಾಗಿದೆ ಅಂತ ಎಲ್ಲರಿಗೂ ಗೊತ್ತು, ಹೇಗಾಯಿತು ಅಂತ ಯಾರಿಗೂ ಗೊತ್ತಿಲ್ಲ. ಮೈದಾನದಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಮ್ಯಾಚಿಗೆ 26,400 ರೂಪಾಯಿ ಕೊಟ್ಟವರು ಟೀವಿಯ ಮುಂದೆ ಬಾಯಿ ಬಿಟ್ಟು ಕಾಯುತ್ತಿದ್ದೇವೆ. ಅದೇ ಗೋಲನ್ನು ಅಂಧೇರಿಯಲ್ಲಿ ನಮ್ಮ ಹೋಟೆಲಿನ ಮಾಣಿಗಳೂ ಗಲ್ಲಾದ ಮೇಲಿನ ಟೀವಿಯಲ್ಲಿ ನೋಡಿದರಂತೆ. ಚಾ ಕುಡಿಯುತ್ತಾ.

ಅವತ್ತಿನ ಚಾ ಉಗುರುಬೆಚ್ಚಗಿತ್ತು. ಮನೆಗೆ ಬಂದು ಅಳಿಯನಿಂದ ಒಂದು ಪುಟ ಸಲಹೆ ಬರೆಸಿ ಕ್ಲಬ್ಬಿಗೆ ಕಳಿಸಿದೆ. ಧನ್ಯವಾದದ ಇಮೇಲ್ ಬಂತು. ಏಪ್ರಿಲ್ಲಿನಲ್ಲಿ ಮತ್ತೆ ಹೋದಾಗ ನೋಡುತ್ತೇನೆ, ಬಿಯರನ್ನು ಮೊದಲೇ ಹುಯ್ದು ಟ್ರೇಯಲ್ಲಿ ಇಟ್ಟಿದ್ದಾರೆ. ಚಾದ ಕ್ಯೂ ಹಾಗೇ ಇತ್ತು. ಹೇಳಿದ್ದು ಅರ್ಧ ಮುಟ್ಟಿದೆ ಅಂದುಕೊಂಡೆ. ನಾನೂ ಮುಂಬೈಗೆ ಬಂದ ಮೇಲೆ, ಎ.ಸಿ. ಸೆಕ್ಷನ್ನಿನ ದೋಸೆ ಕಾವಲಿಯಿಂದ ಎದ್ದ ಕೂಡಲೇ ಮೇಲೆ ಹೋಗಬೇಕು ಎಂದು ಒಬ್ಬ ಹುಡುಗನನ್ನು ಮೆಟ್ಟಿಲಿಗೇ ನಿಲ್ಲಿಸಿದ್ದೇನೆ.

ಒಂದು ತಮಾಷೆ. ಲೌಂಜಿನಲ್ಲಿ ಎದುರು ತಂಡದ ಬಣ್ಣ ಹಾಕಿಕೊಂಡು ಬರುವಂತಿಲ್ಲ. ನಾನು ಚಳಿಗೆ ಮೂರು ಪದರ ಹಾಕಿದ್ದೆ, ಕೋಟಿನ ಒಳಗೆ ಮುಂಬೈ ಸಿಟಿಯ ತಿಳಿನೀಲಿ ಜೆರ್ಸಿ. ಅವತ್ತಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಅನ್ನುವುದು ಬಾಗಿಲಿನವ ತಡೆದಾಗಲೇ ತಲೆಗೆ ಹೋದದ್ದು. ಎರಡು ಜೆರ್ಸಿಯ ಬಣ್ಣವೂ ಒಂದೇ. 2019ರಲ್ಲಿ ಮುಂಬೈ ಸಿಟಿಯ ಶೇಕಡಾ 65 ಪಾಲು ಕೊಂಡವರೂ ಮ್ಯಾಂಚೆಸ್ಟರ್ ಸಿಟಿಯ ಒಡೆಯರೇ. ಬಾಗಿಲಿನವ ಬಗ್ಗಿ ನನ್ನ ಎದೆಯ ಮೇಲಿನ ಬ್ಯಾಡ್ಜು ಓದಿ, "ಬಾಂಬೆ?" ಎಂದ. "ಅಂಧೇರಿ ವೆಸ್ಟ್" ಎಂದೆ. ಕೋಟಿನ ಗುಂಡಿ ಹಾಕಿಸಿ ಒಳಗೆ ಬಿಟ್ಟ.

ಮುಂಬೈಯಲ್ಲಿ ಕೂತು ಇಂಥ ಸೀಟು ತೆಗೆಯುವವರಿಗೆ ದೊಡ್ಡ ಗಂಡಾಂತರ ಟೀವಿ. ಪಟ್ಟಿಯಲ್ಲಿ ಶನಿವಾರ ಮೂರು ಗಂಟೆ ಅಂತಿರುವ ಮ್ಯಾಚನ್ನು ಟೀವಿಯವರಿಗಾಗಿ ಭಾನುವಾರಕ್ಕೋ ಸೋಮವಾರ ರಾತ್ರಿಗೋ ಹಾಕುತ್ತಾರೆ. ನಾವು ವಿಮಾನದ ಟಿಕೆಟು ತೆಗೆದಾಗಿರುತ್ತದೆ. ಏಪ್ರಿಲ್ಲಿನ ಒಂದು ಶನಿವಾರದ ಮ್ಯಾಚು ಸೋಮವಾರಕ್ಕೆ ಹೋಯಿತು, ನನ್ನ ವಿಮಾನ ಭಾನುವಾರ. ಬೇಡದ ಸೀಟನ್ನು ಹೊರಗೆ ಯಾರಿಗಾದರೂ ಮಾರೋಣವೆಂದರೆ ಅಲ್ಲಿ 1994ರಿಂದ ಅದು ಅಪರಾಧ. ಕ್ಲಬ್ಬಿನ ಮೂಲಕವೇ ಹಿಂದಿರುಗಿಸಬೇಕು, ಅವರು ಮರುಮಾರಿದರೆ ಮಾತ್ರ ದುಡ್ಡು.

ಇಷ್ಟೆಲ್ಲ ಆದ ಮೇಲೆ ಒಂದು ಶನಿವಾರ ಅಳಿಯ ದಕ್ಷಿಣ ಲಂಡನ್ನಿನ ಡಲ್ವಿಚ್ ಹ್ಯಾಮ್ಲೆಟ್ ಎಂಬ ಕ್ಲಬ್ಬಿನ ಮೈದಾನಕ್ಕೆ ಕರಕೊಂಡು ಹೋದ. 1893ರ ಕ್ಲಬ್ಬು, ಗುಲಾಬಿ ಮತ್ತು ನೀಲಿ ಜೆರ್ಸಿ, ಎಷ್ಟೋ ಮೆಟ್ಟಿಲು ಕೆಳಗಿನ ಲೀಗು. ನಮ್ಮ ಪ್ರೀಮಿಯಂ ಸೀಟಿನ ಒಂದು ದಿನದ ಬೆಲೆಗೆ ಅಲ್ಲಿ ಇಡೀ ಸಂಸಾರ ಹಲವು ಸಲ ಹೋಗಿಬರಬಹುದು. ಅಷ್ಟು ಕೆಳಗಿನ ಲೀಗಿಗೆ ಆ ಮದ್ಯದ ಕಾನೂನೂ ಇಲ್ಲ, ಜನ ಗೋಲಿನ ಹಿಂದೆ ಗ್ಲಾಸು ಹಿಡಿದು ನಿಂತಿದ್ದರು. ಹಾಫ್‌ಟೈಮ್ ಆದದ್ದೇ ಎಲ್ಲರೂ ಸಂತೆ ಮುಗಿಸಿದವರ ಹಾಗೆ ನಡೆದುಕೊಂಡು ಮೈದಾನದ ಇನ್ನೊಂದು ತುದಿಗೆ ಹೋದರು. ತಮ್ಮ ತಂಡ ಯಾವ ಗೋಲಿಗೆ ಹೊಡೆಯುತ್ತದೋ ಅದರ ಹಿಂದೆ ನಿಲ್ಲಲು. ನಾನೂ ನಡೆದೆ. ಆಟ ಅಷ್ಟಕ್ಕಷ್ಟೆ, ಪಾಸುಗಳು ಗುರಿ ಮುಟ್ಟಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಆದರೆ ಲೈನ್ಸ್‌ಮನ್ ಕೈಗೆಟಕುವಷ್ಟು ಹತ್ತಿರ ಇದ್ದ, ನಾನು ಕುಂದಾಪ್ರ ಕನ್ನಡದಲ್ಲಿ ಎರಡು ಮಾತು ಹೇಳಿದೆ, ಅವ ತಿರುಗಿಯೂ ನೋಡಿದ.

ಲೆಕ್ಕ. 19 ಮ್ಯಾಚಿನಲ್ಲಿ ನನ್ನ ಸೀಟಿನಲ್ಲಿ ನಾನು ಕೂತದ್ದು 5 (ಮನೆಯವಳು ಬಂದ ಎರಡು ದಿನ ಅಳಿಯ ತನ್ನ ಸೀಟು ಅವಳಿಗೆ ಬಿಟ್ಟುಕೊಟ್ಟ), ಮಗಳು 4, ಕ್ಲಬ್ಬಿಗೆ ಹಿಂದಿರುಗಿಸಿ ಮಾರಾಟವಾದದ್ದು 6, ಮಾರಾಟವಾಗದೆ ಖಾಲಿ ಹೋದದ್ದು 4. ಮಾರಾಟವಾದ ಆರಕ್ಕೆ ತಲಾ 150ರಂತೆ 900 ಪೌಂಡು ವಾಪಸು ಬಂತು. 4,560ರಲ್ಲಿ 900 ಕಳೆದರೆ 3,660. ಮಗಳು ಹೋದದ್ದನ್ನೂ ಸೇರಿಸಿ ಒಂಬತ್ತಕ್ಕೆ ಹಂಚಿದರೆ ಮ್ಯಾಚಿಗೆ 407 ಪೌಂಡು. ನನ್ನ ಐದಕ್ಕೇ ಹಂಚಿದರೆ 732 ಪೌಂಡು, ಅಂದರೆ 80,520 ರೂಪಾಯಿ, ಕೆಳಗಿನ ರೇಟಿನಲ್ಲಿ 894 ಮಸಾಲೆ ದೋಸೆ. ವಿಮಾನದ ಖರ್ಚು ಸೇರಿಸಿಲ್ಲ. ಅದು ಮೊಮ್ಮಗನ ಖಾತೆಗೆ.

ಅಳಿಯನ ಲೆಕ್ಕ ಬೇರೆ. ಅವನ ಮನೆಯಿಂದ ಮೈದಾನಕ್ಕೆ ರೈಲಿನಲ್ಲಿ ನಲವತ್ತು ನಿಮಿಷ, 19ರಲ್ಲಿ ಅವನ ಸೀಟು ಬಳಕೆಯಾಗದ ಮ್ಯಾಚು ಎರಡೇ. ಮ್ಯಾಚಿಗೆ 268 ಪೌಂಡು ಬಿತ್ತು. ದುಬಾರಿಯೇ, ಆದರೆ ಅವನು ಚಾ ಕುಡಿಯುವುದಿಲ್ಲ, ಹಾಫ್‌ಟೈಮಿನಲ್ಲಿ ಸೀಟಿನಿಂದ ಏಳುವುದೂ ಇಲ್ಲ. ಆಟ ಓದುವ ಹುಚ್ಚಿನವನಿಗೆ ಆ ಜಾಗ ಸರಿ. ವ್ಯವಹಾರದವರನ್ನು ಕರೆದೊಯ್ಯುವವರಿಗೂ ಸರಿ, ನಮ್ಮ ಎ.ಸಿ. ಸೆಕ್ಷನ್ನಿನಲ್ಲೂ ಬಿಲ್ಡರುಗಳು ಮೂಲೆಯ ಟೇಬಲಿಗೇ ಬರುತ್ತಾರೆ, ದೋಸೆ ಅರ್ಧ ಬಿಟ್ಟು ಹೋಗುತ್ತಾರೆ. ಮುಂಬೈಯಲ್ಲೋ ದುಬೈಯಲ್ಲೋ ಇದ್ದುಕೊಂಡು, ವರ್ಷಕ್ಕೆ ಎರಡು ಸಲ ಹೋಗುವಾಗ ಇರಲಿ ಅಂತ ಇಡೀ ಸೀಸನ್ನಿಗೆ ತೆಗೆಯುವವರು ದಯವಿಟ್ಟು ನನಗೊಂದು ಫೋನು ಮಾಡಿ. ಅಲ್ಲಿನ ಕ್ಲಬ್ಬುಗಳಲ್ಲಿ ಮೂವತ್ತು-ನಲವತ್ತು ಪೌಂಡಿನ ಸಾದಾ ವಾರ್ಷಿಕ ಮೆಂಬರ್‌ಶಿಪ್ ಇರುತ್ತದೆ. ಅದು ಟಿಕೆಟಲ್ಲ, ಟಿಕೆಟು ಕೇಳುವ ಹಕ್ಕು. ಸಿಕ್ಕಿದರೆ ಸಿಕ್ಕಿತು. ಸಿಗದಿದ್ದರೆ ಆ ಒಂದು ಮ್ಯಾಚಿಗೆ ಮಾತ್ರ ಲೌಂಜಿನ ಟಿಕೆಟು ಕೊಂಡರೂ ನನ್ನ 732ಕ್ಕಿಂತ ಕಡಿಮೆಗೆ ಆದೀತು, ಕೆಲವದರಲ್ಲಿ ಊಟವೂ ಉಂಟು.

ಮೇ ತಿಂಗಳ ಕೊನೆಗೆ ರಿನ್ಯೂವಲ್ಲಿನ ಇಮೇಲ್ ಬಂತು: 3,990, ಮೇಲೆ ವ್ಯಾಟ್. ಅಳಿಯ ಫೋನು ಮಾಡಿ ಸ್ವಲ್ಪ ಹೊತ್ತು ಮಳೆಯ ವಿಚಾರ, ಹೋಟೆಲಿನ ವಿಚಾರ ಎಲ್ಲ ಕೇಳಿದ. ಆಮೇಲೆ "ಮಾವ, ಸೀಟು?" ಎಂದ. ಒಂದನ್ನು ಬಿಡಲು ಹೇಳಿದೆ. ಇನ್ನೊಂದು ಅವನದ್ದು, ಅವನ ದುಡ್ಡಿನಲ್ಲಿ. ಡಿಸೆಂಬರಿನಲ್ಲಿ ನಾವು ಹೋದಾಗ ಮನೆಯವಳಿಗೆ ಲಿಫ್ಟು ಇರುವ ಕಡೆ ಒಂದು ಮ್ಯಾಚಿನ ಟಿಕೆಟು ತೆಗೆಯುವುದೆಂದೂ, ಚಾವನ್ನು ಫ್ಲಾಸ್ಕಿನಲ್ಲಿ ಮನೆಯಿಂದಲೇ ಒಯ್ಯಲು ಬಿಡುತ್ತಾರೋ ಇಲ್ಲವೋ ಅವನು ಕೇಳಿ ಹೇಳುವುದೆಂದೂ ಮಾತಾಗಿದೆ.